ಪರದೆಯ ಆಚೆಗೆ ಅತ್ತೆ

ಮಂಗಳವಾರ, ಹದಿನಾಲ್ಕು.

ಕ್ಷಮೆ ಕೇಳಬೇಕಂತೆ ನಾನು! ಅದೂ ಕಿಟಕಿ ಪಕ್ಕದ ಹಾಸಿಗೆಯ ಹುಡುಗಿಯ ಅತ್ತೆಯ ಹತ್ತಿರ, ನಾಳೆ ಬೆಳಿಗ್ಗೆನೇ. "ಕೇಳಿಬಿಡಮ್ಮ, ನಿನ್ನ ಗಂಟೇನು ಹೋಗುತ್ತೆ?" ಅಂದರು ಹೆಡ್ ನರ್ಸ್.

ಆ ಹುಡುಗಿಗೆ ಕರುಳಿನ ಕಾಯಿಲೆ, ಕ್ರೋನ್ಸ್. ಸೇರಿದಾಗಿನಿಂದ ನಾವು ನರ್ಸುಗಳು ಏನು ಕೇಳಿದರೂ ಅತ್ತೆಯದೇ ಉತ್ತರ: "ಭೇದಿ ಎಲ್ಲ ನಿಂತಿದೆ. ಊಟ ಬಿಟ್ಟು ನಾಟಕ ಆಡ್ತಾಳೆ ಅಷ್ಟೇ." ಸೊಸೆ ತಲೆ ತಗ್ಗಿಸಿ ಹೂಂಗುಟ್ಟುತ್ತಿದ್ದಳು. ಚಾರ್ಟಿನಲ್ಲೂ ನಾವೆಲ್ಲ ಅದನ್ನೇ ಬರೆಯುತ್ತಿದ್ದೆವು.

ಇವತ್ತು ಅತ್ತೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಪರದೆ ಎಳೆದೆ. ಹುಡುಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಅಕ್ಕಾ, ರಾತ್ರಿಯೆಲ್ಲ ಹೋಗ್ತಾನೇ ಇರ್ತೀನಿ. ರಕ್ತನೂ ಬೀಳುತ್ತೆ. ತಿಂದ್ರೆ ಮತ್ತೆ ಓಡಬೇಕಲ್ಲ ಅಂತ ತಿನ್ನೋದೇ ಬಿಟ್ಟಿದ್ದೀನಿ. ಅವರೆದುರು ಹೇಗೆ ಹೇಳಲಿ?" ಸಂಜೆಯೊಳಗೆ ಡಾಕ್ಟರು ಔಷಧಿ ಬದಲಾಯಿಸಿದರು.

ಅತ್ತೆಗೆ ಗೊತ್ತಾಗಬಾರದ ಗುಟ್ಟು ಸೊಸೆಗೇನಿರುತ್ತೆ ಅಂತ ಅತ್ತೆ ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಇರುತ್ತೆ ತಾಯಿ. ನೋವು ಅವಳದು, ಹೇಳೋ ಬಾಯಿಯೂ ಅವಳದೇ.

ಕ್ಷಮೆಯಂತೆ, ಕ್ಷಮೆ! ನಾಳೆ ವಾರ್ಡಿಗೆ ಕಾಲಿಟ್ಟ ತಕ್ಷಣ ಮೊದಲು ಪರದೆ ಎಳೀತೀನಿ. ಹೆಡ್ ನರ್ಸ್‌ಗೆ ಅಷ್ಟೊಂದು ಅನ್ನಿಸಿದರೆ ಬೆಂಚಿನ ಮೇಲೆ ಅತ್ತೆ ಪಕ್ಕ ಕೂತು ಅವರೇ ಕ್ಷಮೆ ಕೇಳಿಕೊಳ್ಳಲಿ. ನಾನು ಒಳಗಿರ್ತೀನಿ, ಅವಳ ಹತ್ತಿರ.