ಗಂಗವ್ವ ನುಂಗದ ವಿಷ

ಅಪ್ಪಾ,

ಸತ್ತವರ ಮೇಲೆ ಸಿಟ್ಟಾಗಬಾರದು ಅಂತಾರೆ. ಆಗಿದ್ದೇನೆ. ಬೇರೆ ಯಾರ ಮುಂದೆ ಹೇಳಲಿ? ನೀನೇ ಕೇಳು.

ಶಿರೂರಿನ ನಮ್ಮ ದಾಳಿಂಬೆ ತೋಟಕ್ಕೆ ನೀನು ಎಣ್ಣಿ ಹೊಡೆದು ಬರುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ. ಕೀಟ ಕೊಲ್ಲುವ ವಿಷಕ್ಕೆ ಎಣ್ಣಿ ಅಂತ ಮುದ್ದಿನ ಹೆಸರಿಟ್ಟವರು ನಾವು! ನೀನು ಬೆನ್ನಿನಿಂದ ಪಂಪು ಇಳಿಸಿ ಬಾವಿಯ ಕಟ್ಟೆಯ ಮೇಲೇ ತೊಳೆಯುತ್ತಿದ್ದೆ. ಆ ನೀರು ಕಲ್ಲಿನ ಸಂದಿಯಿಂದ ಒಳಗಿಳಿಯುತ್ತಿತ್ತು. ನಾನು ಬೇಡ ಅಂದರೆ ನೀನು ನಗುತ್ತಿದ್ದೆ. "ಏ ಹುಚ್ಚಿ, ಬಾವ್ಯಾಗಿನ ಗಂಗವ್ವ ಎಲ್ಲಾ ನುಂಗ್ತಾಳ. ಎಣ್ಣಿ ಅಂಗಡಿ ಸಾವ್ಕಾರ ಹೇಳ್ಯಾನ, ಎಂಟ ದಿನದಾಗ ತಾನ ಹೋಗ್ತೈತಿ." ಆ ಸಾವ್ಕಾರ ನಮ್ಮ ಬಾವಿಯ ನೀರನ್ನು ಒಂದು ದಿನವಾದರೂ ಕುಡಿದನೇ?

ಎಲೆ ಬೀಳುತ್ತವೆ ಅಂತ ಬಾವಿಗೆ ಸ್ಲ್ಯಾಬು ಹಾಕಿಸಿದ ದಿನ ಏನು ಗತ್ತು ನಿನ್ನದು! ಬಿಸಿಲು ಬಿದ್ದರೆ ತಾನೇ ನೀರಿನಲ್ಲಿ ವಿಷ ಬೇಗ ಒಡೆಯುವುದು? ನೀನು ಬಿಸಿಲಿಗೇ ಬಾಗಿಲು ಹಾಕಿದೆ. ತಣ್ಣನೆಯ ಕತ್ತಲಲ್ಲಿ, ತಳದ ರಾಡಿಗೆ ಅಂಟಿಕೊಂಡು ಅದು ಬಹುಕಾಲ ಹಾಯಾಗಿ ಉಳಿಯಿತು.

ನೀನು ಹೋದ ಮೇಲೆ ಒಂದು ಬಾಟಲಿ ನೀರನ್ನು ಬಾಗಲಕೋಟೆಗೆ ಒಯ್ದು ಪರೀಕ್ಷೆಗೆ ಕೊಟ್ಟೆ. "ಎಣ್ಣಿ ಭಾಳ ಕಮ್ಮಿ ಆಗೈತ್ರಿ ಅಕ್ಕಾರ" ಅಂದ ಅಲ್ಲಿನವನು. ಹೋದ ಜೀವ ಬಂತು. "ಆದ್ರ ಅದು ಒಡದು ಬ್ಯಾರೆ ವಿಷ ಆಗೈತ್ರಿ. ಕುಡಿಬ್ಯಾಡ್ರಿ." ಬಳೆ ಒಡೆದರೆ ಮಾಯವಾಗುತ್ತದೆಯೇ ಅಪ್ಪಾ? ಚೂರು ಅಂಗಳದಲ್ಲೇ ಇರುತ್ತದೆ, ಬರಿಗಾಲಲ್ಲಿ ಓಡಾಡುವವರಿಗೆ ಚುಚ್ಚುತ್ತದೆ.

ನಮ್ಮ ಮನೆಯಲ್ಲಿ ಆ ಬರಿಗಾಲು ಅವ್ವನದು. ಮನೆಗೆ ನಲ್ಲಿ ಬಂದಿದೆ, ಅವಳು ಮುಟ್ಟಲೊಲ್ಲಳು. ಎಳ್ಳಮಾವಾಸ್ಯೆಗೆ ಗಂಗವ್ವನಿಗೆ ಉಡಿ ತುಂಬಿದ ಮೇಲೆ ಮೊದಲ ತಂಬಿಗೆ ನೀರನ್ನು ನೀನೇ ಅವ್ವನಿಗೆ ಕುಡಿಸುತ್ತಿದ್ದೆಯಲ್ಲ? ಈಗ ದಿನಾ ಬೆಳಿಗ್ಗೆ ಬಾವಿಯ ಮೋಟರು ಹಚ್ಚಿ ತಾನೇ ತುಂಬಿಕೊಂಡು ಕುಡಿಯುತ್ತಾಳೆ. "ಅವರು ತೋಡಿಸಿದ ಬಾವಿ. ಅವರು ನನಗ ವಿಷಾ ಹಾಕ್ತಾರೇನ?" ಅನ್ನುತ್ತಾಳೆ. ನೀನು ಹಾಕಲಿಲ್ಲ, ನಿನ್ನ ಭಂಡ ನಂಬಿಕೆ...

ಬಿಸಿಲು ಬೀಳಲಿ ಅಂತ ಸ್ಲ್ಯಾಬು ಒಡೆಸುತ್ತಿದ್ದೇನೆ. ರಾಡಿಯನ್ನೂ ತೆಗೆಸಬೇಕು, ಆದರೆ ಅದನ್ನು ಎಲ್ಲಿ ಸುರಿಯಲಿ? ಯಾರ ಹೊಲಕ್ಕೆ? ಅದನ್ನು ಹೇಳಲು ನೀನಿಲ್ಲ.

ನಿನ್ನೆ ಅವ್ವನ ಕೈಯಿಂದ ತಂಬಿಗೆ ಕಸಿದು ನೀರು ಚೆಲ್ಲಿದೆ. "ನಿಮ್ಮಪ್ಪನ ನೀರ ಚೆಲ್ಲಿದೆಲ್ಲ" ಅಂತ ಅಳುತ್ತಾ ಕುಳಿತಳು. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ. ನಾಳೆಯೂ ಚೆಲ್ಲುತ್ತೇನೆ ಅಪ್ಪಾ. ನಿನ್ನ ಹಿಂದೆ ಅವಳನ್ನೂ ಕಳಿಸಲಾರೆ.

ನಿನ್ನ ಹುಚ್ಚಿ