ಕೆಂಪು ದಾರ, ಹಸಿರು ದಾರ, ತೊರಕೆ ಮೀನು

ದೊಡ್ಡಬಳ್ಳಾಪುರ,
೧೩ ನವೆಂಬರ್ ೨೦೨೫, ಗುರುವಾರ

ತೊರಕೆ ಮೀನುಗಳ ಕುಲಗುರುವೂ ನನ್ನ ಒಬ್ಬಳೇ ಅಕ್ಕನೂ ಆದ ಮೇಘನಳ ಸನ್ನಿಧಾನಕ್ಕೆ,

ಶೀತ ಬಿಟ್ಟಿತೇ? ದೋಣಿಯಲ್ಲಿ ವಾಂತಿ ಆಗುತ್ತಿಲ್ಲ ತಾನೆ? ನೀನು ಭಾನುವಾರದವರೆಗೆ ಸಮುದ್ರದ ಮೇಲೆ, ಫೋನು ಸಿಗುವುದಿಲ್ಲ. ಅದಕ್ಕೇ ಸೀರೆ ಮೂಟೆ ಹೇರಿಕೊಂಡು ಕಾರವಾರಕ್ಕೆ ಹೊರಟಿರುವ ವ್ಯಾನಿನ ಕೆಂಪರಾಜಣ್ಣನ ಕೈಯಲ್ಲಿ ಈ ಪತ್ರ. ನಿನ್ನ ರೂಮಿನ ಬಾಗಿಲ ಕೆಳಗೆ ತೂರಿಸುತ್ತಾನೆ. ಸೋಮವಾರ ಮೀನುಗಾರಿಕೆ ಇಲಾಖೆಯವರ ಸಭೆಗೆ ಮುಂಚೆ ಓದು. ಮುಂಚೆಯೇ.

ಇಲ್ಲಿ ಅಮ್ಮ ಕ್ಷೇಮ. ನಿನ್ನೆ ಅಪ್ಪ ನನ್ನನ್ನು ಮಗ್ಗದ ಮುಂದೆ ಕೂರಿಸಿ, ಹೊಸ ಹಾಸಿನ ಉದ್ದ ಎಳೆಗಳನ್ನು ಮುಗಿದ ಹಾಸಿನ ತುದಿಗೆ ಗಂಟು ಹಾಕಿಸಿದರು. ಆಮೇಲೆ ಬಂದು ಬೆರಳಿಟ್ಟು, "ಲೇ ಚೌಡೇಶ, ಇದು ನಿಂದು, ಇದೂ ನಿಂದೇ. ಎಡಚನ ಗಂಟು ಉಲ್ಟಾ ಬೀಳತ್ತೆ ಕಣೋ, ಎಲ್ಲಿದ್ರೂ ಹಿಡೀತೀನಿ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎರಡು ದಿನದಿಂದ ಊಟವೂ ಸೇರುತ್ತಿಲ್ಲ. ಅಮ್ಮ ದೃಷ್ಟಿ ತೆಗೆದಳು, ಪಾಪ.

ಮಂಗಳವಾರ ನೀನು ಫೋನಿನಲ್ಲಿ ಹೇಳಿದ್ದೇ ತಲೆಯಲ್ಲಿ ಕೊರೆಯುತ್ತಿದೆ. ಮಲ್ಪೆಯ ತೊರಕೆ, ಕಾರವಾರದ ತೊರಕೆ ನೋಡಲು ಒಂದೇ, ಅದೇ ಚಪ್ಪಟೆ ಮೈ, ಅದೇ ಚಾಟಿಯಂಥ ಬಾಲ. ರೆಕ್ಕೆಯ ಚೂರಿನ ಡಿಎನ್‌ಎ ನೋಡಿದರೆ ಬೇರೆ ಜಾತಿ ಎಂಬುದು ನಿನ್ನ ವಾದ. "ಒಂದೇ ಅಂತ ಎಣಿಸಿದ್ರೆ ಬೇಕಾದಷ್ಟಿದೆ ಅನ್ಸತ್ತೆ. ಬೇರೆ ಬೇರೆ ಎಣಿಸಿದ್ರೆ ಕಾರವಾರದ್ದು ಮುಗೀತಾ ಬಂದಿದೆ" ಎನ್ನುತ್ತಿದ್ದೆ. ಸ್ಪಿರಿಟ್ಟು ತಗುಲಿದರೆ ಚೀಟಿಯ ಶಾಯಿ ಅಳಿಸುತ್ತದೆಂದು, ನೇಕಾರರ ಮಗಳು ನೀನು, ಆ ಚೂರುಗಳನ್ನು ಅದ್ದಿಟ್ಟ ಸೀಸೆಗಳ ಕತ್ತಿಗೆ ಮಗ್ಗದ ದಾರವನ್ನೇ ಕಟ್ಟಿದೆ. ಮಲ್ಪೆಗೆ ಕೆಂಪು, ಕಾರವಾರಕ್ಕೆ ಹಸಿರು. ಪರೀಕ್ಷೆಯಲ್ಲಿ ಎರಡು ಜಾತಿ ಸಿಕ್ಕೇ ಸಿಕ್ಕವು. ಆದರೆ ಒಂದು ಕೆಂಪು ದಾರದ ಸೀಸೆಯಲ್ಲಿ ಕಾರವಾರದ ಜಾತಿ, ಒಂದು ಹಸಿರಿನಲ್ಲಿ ಮಲ್ಪೆಯದು! "ಎರಡೂ ಕಡೆ ಎರಡೂ ಇದಾವೆ ಅಂದ್ಮೇಲೆ, ಕಾರವಾರದಲ್ಲಿ ಅವು ಮರಿ ಹಾಕೋ ಕಡೆ ಬಲೆ ನಿಲ್ಸಿ ಅಂತ ಯಾವ ಬಾಯಲ್ಲಿ ಕೇಳ್ಲಿ? ಸೋಮವಾರ ಅರ್ಜಿ ವಾಪಸ್ ತಗೋತೀನಿ ಕಣೋ" ಎಂದೆ. ನೀನು ಮೂಗು ಎಳೆದುಕೊಂಡದ್ದು ಕೇಳಿಸಿತು. ಅದು ಶೀತವಲ್ಲ ಎಂದು ನನಗೆ ಗೊತ್ತು. ನಾನು ಎಂದಿನ ಗಾಂಭೀರ್ಯದಿಂದ ಸಂತಾಪ ಸೂಚಿಸಿ ಫೋನಿಟ್ಟೆ.

ವರ್ಷಕ್ಕೆ ಎರಡೋ ಮೂರೋ ಮರಿ ಹಾಕುವ ಮೀನಂತೆ ಅದು. ಬಲೆ ಹಾಗೇ ಬೀಳುತ್ತಿದ್ದರೆ ಎಷ್ಟು ದಿನ ಅಕ್ಕಾ?

ಅಮ್ಮ ಚಟ್ನಿಪುಡಿ ಕಳಿಸಿದ್ದಾಳೆ. ಅಪ್ಪನ ಆಶೀರ್ವಾದವೂ ಅದರ ಜೊತೆಗೇ ಇದೆ.

ನಿನ್ನ ನಿರಪರಾಧಿ ತಮ್ಮ,
ಚೌಡೇಶ

ತಾ.ಕ.: ಕೆಂಪರಾಜಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ 'ನಿರಪರಾಧಿ' ಎಂದಿರುವುದನ್ನು ಹೊಡೆದುಹಾಕು. ಲ್ಯಾಬಿಗೆ ಹೋಗುವ ದಾರಿಯಲ್ಲಿ ಮನೆಗೆ ಬಂದು, ಸೀಸೆಗಳನ್ನಿಟ್ಟು ನೀನು ಸ್ನಾನಕ್ಕೆ ಹೋದ ಸಂಜೆ, ಒಂದು ಕೆಂಪು ಒಂದು ಹಸಿರು ದಾರ ಬಿಚ್ಚಿ ಅದಲುಬದಲು ಕಟ್ಟಿದವನು ನಾನೇ. ಬೆಳಿಗ್ಗೆ ಕಾಫಿ ಹೊತ್ತಿಗೆ ವಿಚಾರಣೆ ನಡೆಸಿ ನಗಿಸೋಣ ಎಂದಿದ್ದೆ. ನೀನು ಮೊದಲ ಬಸ್ಸಿಗೇ ಲ್ಯಾಬಿಗೆ ಹೊರಟುಬಿಟ್ಟಿದ್ದೆ. ಆಮೇಲೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ತಳ್ಳುತ್ತ ಬಂದೆ. ನನ್ನ ಮಾತನ್ನು ಸಭೆಯವರು ನಂಬುವುದು ಬೇಡ. ಲ್ಯಾಬಿನ ಫ್ರಿಜ್ಜಿನಲ್ಲಿ ಸೀಸೆಗಳು ದಾರದ ಸಮೇತ ಇವೆ ಎಂದೆಯಲ್ಲ, ಫೋಟೊ ತೆಗೆಸು. ಎರಡೇ ಎರಡರ ಗಂಟು ಉಲ್ಟಾ ಇರುತ್ತದೆ. ಅರ್ಜಿ ವಾಪಸ್ ತೆಗೆದುಕೊಳ್ಳಬೇಡ.