ಬಿಸಿಲಿಗಿಟ್ಟ ಶೇಂಗಾ ಬೆಣ್ಣೆ

೪-೩-೨೦೦೪, ಗುರುವಾರ

ಹದಿನೆಂಟು ಬಾಟಲಿ ಆಯಿತು. ಮಿಕ್ಸರ್ ಮತ್ತೆ ಬಿಸಿಯಾಗಿ ಸುಟ್ಟ ವಾಸನೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿದೆ, ಬಲಗೈ ಇನ್ನೂ ಅದುರುತ್ತಿದೆ. ಒಂದು ಗಂಟೆಗೆ ಅಂಗನವಾಡಿ ಮಕ್ಕಳನ್ನು ಮನೆಗೆ ಕಳಿಸುವುದು, ಅದೇ ಚಾಪೆಯ ಮೇಲೆ ಸಂಘದ ಹೆಂಗಸರು ಕೂರುವುದು — ತಿಂಗಳಿಂದ ಇದೇ ಪಾಡು. ಗಣಪಕ್ಕ ಹುರಿಯುತ್ತಾಳೆ. ದಿವ್ಯಶ್ರೀ ಮೊರದಲ್ಲಿ ಸಿಪ್ಪೆ ಕೇರುತ್ತಾಳೆ. ನಾನು ಅರೆಯುತ್ತೇನೆ. ಉಳಿದ ನಾಲ್ವರು ಊರಿನ ಸುದ್ದಿ ಅರೆಯುತ್ತಾರೆ.

ಗೋಕರ್ಣದ ಬೀಚಿನಲ್ಲಿ ಹೋಟೆಲಿಟ್ಟ ಉದಯನಿಗೆ ಬೇಕಾದದ್ದು ಇದು, ಶೇಂಗಾ ಬೆಣ್ಣೆ. ಫಾರಿನ್ನಿನವರು ಬ್ರೆಡ್ಡಿಗೆ ಬಳಿದು ತಿನ್ನುತ್ತಾರಂತೆ. ಸಕ್ಕರೆ ಬೇಡ, ಕೆಮಿಕಲ್ ಬೇಡ, ಬರೀ ಶೇಂಗಾ, ಚಿಟಿಕೆ ಉಪ್ಪು. ನಮ್ಮ ಮರಳುಗದ್ದೆಯ ಶೇಂಗಾಕ್ಕೆ ಇಂಥ ಯೋಗ!

ಗಣಪಕ್ಕ ಇವತ್ತೂ ಬಾಗಿಲಲ್ಲೇ ನಿಂತು ಕೇಳಿದಳು. “ಯಾರಾದ್ರೂ ಹೊರಗಿದ್ರೆ ಈಗ್ಲೇ ಹೇಳಿ. ಮಿಡಿ ಉಪ್ಪಿನಕಾಯಿ ಭರಣಿ ಎಂತದೋ, ಇದೂ ಅದೇ. ಮುಟ್ಟಾದವ್ರ ಕೈ ತಾಗ್ತೋ, ಕೆಟ್ಟೇ ಹೋತು.” ಅವಳಿಗೇನು, ಅರವತ್ತು ದಾಟಿದೆ. ಕೇಳುವುದು ಸುಲಭ.

೯-೩-೨೦೦೪

ಬಾಟಲಿಯಲ್ಲಿ ಎಣ್ಣೆ ಮೇಲೆ ಬಂದು ನಿಂತಿತ್ತು. ಎಲ್ಲರಿಗೂ ಗಾಬರಿ. ಎರಡು ದಿನ ಬಿಸಿಲಿಗೆ ಇಡೋಣ ಎಂದೆ. ಹಪ್ಪಳ, ಸಂಡಿಗೆ, ಮುರುಗಲು ಸಿಪ್ಪೆ... ಬಿಸಿಲು ಕಾಣದೆ ನಮ್ಮಲ್ಲಿ ಉಳಿಯುವ ವಸ್ತು ಯಾವುದಿದೆ? “ಅಕ್ಕೋರು ಹೇಳಿದ್ದೇ ಸೈ” ಅಂದಳು ಗಣಪಕ್ಕ. ಅಂಗನವಾಡಿ ಟೀಚರ್ ಎಂದು ಊರಿಗೆಲ್ಲ ನಾನು ಅಕ್ಕೋರು. ಪಡುವಣ ಕಿಟಕಿಯಲ್ಲಿ ಸಾಲಾಗಿ ಜೋಡಿಸಿದೆವು. ಬಿಸಿಲು ಬಿದ್ದಾಗ ಜೇನಿನ ಬಣ್ಣ. ಸೂಪರ್‌ವೈಸರ್ ಬಂದರೆ ಮೊದಲು ಕಣ್ಣಿಗೆ ಬೀಳುವುದೇ ಅದು. ಅದಕ್ಕೇ ಎರಡು ದಿನ ಅಂದಿದ್ದರೂ ಬೇಗ ತೆಗೆಯುವ ಮನಸ್ಸಿಲ್ಲ.

೧೮-೩-೨೦೦೪, ಬೆಳಿಗ್ಗೆ

ಇವತ್ತೇ ಆಗಬೇಕಿತ್ತಾ ಇದು! ಯುಗಾದಿಗೆ ಮೊದಲು ಮೂವತ್ತು ಬಾಟಲಿ ಬೇಕೆಂದು ಉದಯ ಕೂತಿದ್ದಾನೆ. ನಾನಿಲ್ಲದೆ ಆ ಮಿಕ್ಸರ್ ಯಾರ ಮಾತೂ ಕೇಳುವುದಿಲ್ಲ. ಮನೆಯಲ್ಲಿ ನಾನು, ಇವರು, ಇಬ್ಬರೇ. ಯಾರಿಗೆ ಗೊತ್ತಾಗುತ್ತದೆ?

ಸಂಜೆ

ಬಾಗಿಲಲ್ಲಿ ಗಣಪಕ್ಕ ಕೇಳಿದಳು. “ಎಲ್ಲಾ ಸರಿ ಅದೆ, ಒಲೆ ಹಚ್ಚಿ” ಅಂದೆ. ದನಿ ನಡುಗಲಿಲ್ಲ. ಹೆಲ್ತ್ ಟ್ರೇನಿಂಗಿನಲ್ಲಿ ಕಲಿತಿದ್ದೇನೆ, ಮುಟ್ಟಿಗೂ ಶೇಂಗಾಕ್ಕೂ ಸಂಬಂಧವಿಲ್ಲ. ಮೂವತ್ತೂ ಬಾಟಲಿ ನನ್ನ ಕೈಯಿಂದಲೇ ತುಂಬಿದ್ದು. ಉದಯ ಬರುವವರೆಗೆ ಅವೂ ಅದೇ ಕಿಟಕಿಯ ಬಿಸಿಲಿಗೆ.

೧೯-೩-೨೦೦೪

ದಿವ್ಯಶ್ರೀ ಬರಲಿಲ್ಲ. ಹೊರಗಾಗಿದ್ದಾಳೆ ಎಂದು ಅವಳ ತಾಯಿ ಬೇಲಿಯಾಚೆಯಿಂದ ಕೂಗಿ ಹೇಳಿದರು. ಪಾಪ, ನಿಯಮದ ಹುಡುಗಿ. ಕರ್ಕಿಯಲ್ಲಿರುವ ಗಣಪಕ್ಕನ ತಂಗಿಯ ಮಗ ಸಂತೋಷನಿಗೆ ಅವಳನ್ನು ಕೇಳಿದ್ದಾರೆ. ಆಟೋ ಓಡಿಸುತ್ತಾನೆ. ಅವನ ಹೆಸರೆತ್ತಿದರೆ ಸಾಕು, ಮೊರದಲ್ಲಿದ್ದ ಶೇಂಗಾ ನೆಲಕ್ಕೆ.

೬-೪-೨೦೦೪, ಮಂಗಳವಾರ

ಉದಯ ಯುಗಾದಿಯ ಬಾಟಲಿಗಳನ್ನು ವಾಪಸು ತಂದು ಜಗಲಿಯ ಮೇಲೆ ಕುಕ್ಕಿದ. “ಇದೆಂತ ಅಕ್ಕೋರೆ, ಬಣ್ಣದ ಡಬ್ಬಿ ವಾಸ್ನೆ! ಆ ಇಸ್ರೇಲಿನವ್ಳು ಒಂದು ತುತ್ತು ಬಾಯಿಗಿಟ್ಟು ಉಗುಳಿಬಿಟ್ಳು.” ಮುಚ್ಚಳ ತೆಗೆದೆ. ಕಮಟು. ಗಂಟಲಿಗೆ ಹಿಡಿಯುವ ಕಮಟು.

ಉದಯ ಹೋದ ಮೇಲೆ ಗಣಪಕ್ಕ ಒಬ್ಬೊಬ್ಬರ ಮುಖ ನೋಡಿದಳು. ಬೆರಳು ಮಡಿಸಿ ದಿನ ಎಣಿಸಿದಳು. ದಿವ್ಯಶ್ರೀಯ ಮುಂದೆ ನಿಂತಳು. “ಯುಗಾದಿ ಮುಂಚಿನ ಗುರುವಾರ ತುಂಬಿದ್ದು. ನೀ ಶುಕ್ರವಾರ ಹೊರಗೆ ಕೂತೆ. ಗುರುವಾರವೇ ಆಗಿತ್ತು, ಮುಚ್ಚಿಟ್ಟೆ. ಅಲ್ದಾ?”

“ಇಲ್ಲ ಗಣಪಕ್ಕ, ಶುಕ್ರವಾರ ಬೆಳಿಗ್ಗೇನೇ ಆದದ್ದು. ಧಾರೇಶ್ವರನ ಆಣೆ.”

“ದೇವ್ರ ಹೆಸರು ಬೇರೆ ಎಳೀತೆಯಾ?”

ಹುಡುಗಿ ನನ್ನ ಕಡೆ ತಿರುಗಿದಳು. ಅಕ್ಕೋರು ಏನಾದರೂ ಹೇಳುತ್ತಾರೆ ಎಂದು. ಅಕ್ಕೋರು ಬಾಟಲಿಯ ಮುಚ್ಚಳ ಹಾಕುತ್ತಿದ್ದರು. ಥೂ ನನ್ನ ಜನ್ಮಕ್ಕೆ.

೭-೪-೨೦೦೪

ಇವರಿಗೆ ಹೇಳಿದೆ. ಕುಮಟೆ ಡಿಪೋದಿಂದ ಡ್ಯೂಟಿ ಮುಗಿಸಿ ಬಂದಿದ್ದರು, ಯೂನಿಫಾರ್ಮೂ ಬಿಚ್ಚಿರಲಿಲ್ಲ. “ಹೇಳೂದು ಎಂತಕ್ಕೆ? ಅಂಗನವಾಡಿ ಒಲೆ ಮುಂದೆ ನಿಂತು ಸುಳ್ಳು ಹೇಳಿದವ್ಳು ಅಂತಾದ್ರೆ ನಾಳೆ ನಿನ್ನ ಕೈ ಉಪ್ಪಿಟ್ಟು ತಿನ್ನೂಕೆ ಯಾರು ಮಕ್ಕಳನ್ನ ಕಳಿಸ್ತಾರೆ? ಸುಮ್ನಿರು.” ಇವರು ಹೇಳಿದ್ದರಿಂದ ಸುಮ್ಮನಾದೆ ಎಂದು ಬರೆಯಬಹುದು. ಆದರೆ ಇವರನ್ನು ಕೇಳಿದ್ದೇ ಆ ಮಾತು ಕೇಳಿಸಿಕೊಳ್ಳಲು.

೧೩-೪-೨೦೦೪

ದಿವ್ಯಶ್ರೀಯನ್ನು ಸಂಘದಿಂದ ಬಿಟ್ಟರು. ಕರ್ಕಿಯವರು “ಸ್ವಲ್ಪ ದಿನ ಹೋಗಲಿ” ಎಂದು ಹೇಳಿಕಳಿಸಿದ್ದಾರೆ. ಮುಟ್ಟು ಮುಚ್ಚಿಡುವವಳು ನಾಳೆ ದೇವರ ಕೋಣೆಗೂ ನುಗ್ಗುತ್ತಾಳೆ ಎಂದರಂತೆ ಸಂತೋಷನ ತಾಯಿ. ಸಂತೋಷ ಏನೆಂದ? ಅವನೇನೂ ಅನ್ನಲಿಲ್ಲ. ಗಂಡಸಲ್ಲವಾ.

ಉದಯ ಸಿಟ್ಟು ಇಳಿದು ಬಂದಿದ್ದ. ಆ ಇಸ್ರೇಲಿನವಳು ಹೇಳಿದಳಂತೆ — ಅವರ ಊರಿನಲ್ಲಿ ಇದನ್ನು ಬಿಸಿಲಿಗೆ ತೋರಿಸುವುದೇ ಇಲ್ಲ. ಕತ್ತಲಲ್ಲಿ, ತಂಪಿನಲ್ಲಿ, ತಲೆಕೆಳಗಾಗಿ ಇಡುತ್ತಾರೆ. ಮೇಲೆ ಬಂದ ಎಣ್ಣೆ ಕೆಟ್ಟದ್ದಲ್ಲ, ಒಣ ಚಮಚದಲ್ಲಿ ಕಲಸಿದರೆ ಮತ್ತೆ ಒಳಗೆ ಸೇರುತ್ತದೆ. ಬಿಸಿಲು, ಸೆಕೆ ತಾಗಿದರೆ ಎಣ್ಣೆ ಕಮಟುತ್ತದೆ.

ಹಾಗಾದರೆ ಕೆಡಿಸಿದ್ದು ಕಿಟಕಿ. ಕಿಟಕಿಯಲ್ಲಿ ಇಡಿಸಿದ್ದು ನಾನು. ಮುಟ್ಟಾದವಳೂ ನಾನೇ, ಬಿಸಿಲಿಗಿಟ್ಟವಳೂ ನಾನೇ. ಯಾವ ಲೆಕ್ಕದಲ್ಲಿ ಹಿಡಿದರೂ ನಾನೇ.

೧೫-೪-೨೦೦೪

ಪರೀಕ್ಷೆ ಮಾಡುತ್ತೇನೆ. ನಾಲ್ಕು ಬಾಟಲಿ ಅರೆದೆ. ವಾಪಸು ಬಂದ ಬಾಟಲಿಗಳಲ್ಲಿ ಎರಡನ್ನು ತೊಳೆದು, ಒಣಗಿಸಿ, ತುಂಬಿ ಕಿಟಕಿಗೆ. ಹೊಸ ಎರಡು ಮನೆಗೆ ತಂದೆ. ನೀರಿನ ಕೊಡ ಕೂರಿಸುವ ಮರಳಿನ ಹತ್ತಿರ, ಗೋಣಿ ಮುಚ್ಚಿ, ತಲೆಕೆಳಗೆ. ಇವತ್ತು ನಾನು ಹೊರಗೆ. ಬೇಕೆಂದೇ ಮನೆಯ ಎರಡಕ್ಕೂ ಬೆರಳು ಅದ್ದಿ ಕಲಸಿದೆ. ನಾಳೆಯೂ, ನಾಡಿದ್ದೂ ಮಾಡುತ್ತೇನೆ. ಕೆಟ್ಟರೆ ಗಣಪಕ್ಕನ ಕಾಲಿಗೆ ಬೀಳುತ್ತೇನೆ.

೮-೫-೨೦೦೪, ಶನಿವಾರ

ತೆಗೆದೆ. ಮನೆಯ ಎರಡೂ ಘಮ್ಮೆನ್ನುತ್ತಿವೆ, ಹುರಿದ ದಿನದ ಹಾಗೆ. ಕಿಟಕಿಯ ಎರಡೂ ಕಮಟು. ಒಬ್ಬಳೇ ಅಡುಗೆಮನೆಯಲ್ಲಿ ಕೂತು ನಾಲ್ಕು ಚಮಚ ತಿಂದೆ. ಖುಷಿಗೆ ಅಳು ಬಂತು.

೧೦-೫-೨೦೦೪

ಮೀಟಿಂಗಿನಲ್ಲಿ ನಾಲ್ಕೂ ಇಟ್ಟು ಎಲ್ಲರಿಗೂ ಮೂಸಲು ಕೊಟ್ಟೆ. ಬಿಸಿಲಿನದು ತಪ್ಪು, ತಪ್ಪು ನನ್ನದು, ದಿವ್ಯಶ್ರೀಯದಲ್ಲ ಎಂದೆ.

ಗಣಪಕ್ಕ ಮೂಸಿ, ತಲೆ ಅಲ್ಲಾಡಿಸಿದಳು. “ಅಲ್ಲ ಅಕ್ಕೋರೆ, ಚೆನ್ನಾಗಿದ್ದದ್ದು ಹೊಸ ಬಾಟ್ಲಿ. ಅವ್ಳು ಮುಟ್ಟೇ ಇಲ್ಲ. ಕೆಟ್ಟದ್ದು ಹಳೇದು, ಅವ್ಳ ಕೈ ತಾಗಿದ್ದು. ತೊಳೆದ್ರೆ ಹೋಗ್ತದಾ ಅದು?”

ಎಲ್ಲರೂ ಹೌದು ಹೌದು ಅಂದರು. ನನ್ನ ಪರೀಕ್ಷೆ ಆ ಹುಡುಗಿಯ ಕುತ್ತಿಗೆಗೇ ಬಂತು. ಇನ್ನು ಉಳಿದದ್ದು ಒಂದೇ ಮಾತು. ಮನೆಯ ಬಾಟಲಿಗಳನ್ನು ಮುಟ್ಟಾದ ಕೈಯಲ್ಲೇ ಕಲಸಿದ್ದೇನೆ ಎನ್ನುವ ಮಾತು. ನಾಲಿಗೆಯ ತುದಿಗೆ ಬಂದಿತ್ತು. “ಚಹಾ ಮಾಡಿ” ಅಂದೆ.

೨೫-೫-೨೦೦೪

ಕರ್ಕಿಯವರು ಈ ಭಾನುವಾರ ಬೇರೆ ಹುಡುಗಿಯನ್ನು ನೋಡಲು ಹೋಗುತ್ತಾರಂತೆ. ಬಾವಿಕಟ್ಟೆಯಲ್ಲಿ ದಿವ್ಯಶ್ರೀ ಸಿಕ್ಕಿದಳು. ಮುಖ ಇಳಿದುಹೋಗಿದೆ. ನನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಅದೇ ತಡೆಯಲಾಗುತ್ತಿಲ್ಲ. ನಾಡಿದ್ದು ಮೀಟಿಂಗ್. ಹೇಳಿಬಿಡುತ್ತೇನೆ. ಮಕ್ಕಳು ಬಂದರೆ ಬಂದರು, ಬಿಟ್ಟರೆ ಬಿಟ್ಟರು.

೨೭-೫-೨೦೦೪

ಹೇಳಿದೆ. ಎದ್ದು ನಿಂತು ಹೇಳಿದೆ. ಮಾರ್ಚ್ ಹದಿನೆಂಟಕ್ಕೆ ಹೊರಗಾದವಳು ನಾನು. ಬಾಗಿಲಲ್ಲಿ ಸುಳ್ಳು ಹೇಳಿದವಳು ನಾನು. ಮನೆಯ ಬಾಟಲಿಗಳನ್ನೂ ಆ ದಿನಗಳಲ್ಲೇ ಕಲಸಿದೆ.

ಗಣಪಕ್ಕ ಎದ್ದು ಬಂದು ನನ್ನ ಎರಡೂ ಕೈ ಹಿಡಿದಳು. ಕಣ್ಣಲ್ಲಿ ನೀರು. “ಕಂಡ್ರಾ? ಆ ಹುಡುಗಿ ಸಲುವಾಗಿ ಅಪವಾದ ತನ್ನ ಮೈಮೇಲೆ ಎಳ್ಕಂತಾರೆ. ಎಂಥಾ ಕರುಳು ನಮ್ಮ ಅಕ್ಕೋರದು! ಬೇಡ ಅಕ್ಕೋರೆ, ನಿಮ್ಮಂಥೋರು ಹಾಗೆಲ್ಲ ಮಾಡೂರಲ್ಲ. ನಮ್ಗೆ ಗೊತ್ತಿಲ್ವಾ?”

“ಇಲ್ಲ ಗಣಪಕ್ಕ, ಖರೆ ಹೇಳ್ತಿದ್ದೇನೆ” ಅಂದೆ. ಒಮ್ಮೆ ಅಂದೆ. ಎರಡನೇ ಸಲ ಅನ್ನಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಹೇಳಿದ್ದೂ ಆಯಿತು, ಮಾನವೂ ಉಳಿಯಿತು... ಹಾಯೆನಿಸಿತು. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ? ಹಾಯೆನಿಸಿತು.

೨೯-೫-೨೦೦೪, ಶನಿವಾರ, ಮಧ್ಯಾಹ್ನ

ಮಕ್ಕಳು ಹೋದ ಮೇಲೆ ಚಾಪೆ ಸುತ್ತುತ್ತಿದ್ದೆ. ದಿವ್ಯಶ್ರೀ ಬಂದಳು. ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತೇ ಕೇಳಿದಳು.

“ಅಕ್ಕೋರೆ, ನೀವು ಮೀಟಿಂಗಲ್ಲಿ ಹೇಳಿದ್ದು ಖರೆಯಾ, ನನ್ನ ಸಲುವಾಗಿ ಹೇಳಿದ್ದಾ?”

ಚಾಪೆ ಸುತ್ತುತ್ತಲೇ ಇದ್ದೆ.

“ಖರೆ ಆದ್ರೆ ಈಗ್ಲೇ ಒಂದು ಸಲ ಕರ್ಕಿಗೆ ಬನ್ನಿ. ಮೂರು ಗಂಟೆಗೆ ಹೊನ್ನಾವರದ ಬಸ್ಸದೆ. ಸಂತೋಷನ ಆಯಿ ಎದುರು ಅದೇ ಮಾತು ಹೇಳಿ, ಸಾಕು. ಸಂತೋಷ ಫೋನ್ ಮಾಡಿದ್ದ. ಅಕ್ಕೋರು ಬಂದು ಹೇಳಿದ್ರೆ ಆಯಿ ಒಪ್ತಾಳೆ, ಅಂದ.”

ಗಡಿಯಾರ ನೋಡಿದೆ. ಎರಡೂಕಾಲು. ಸೀರೆ ಕೂಡ ಬದಲಿಸಬೇಕಾಗಿರಲಿಲ್ಲ, ಹಾಗೇ ಹೊರಡಬಹುದಿತ್ತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹೌದು ಅಂದರೆ ಮರುಕ್ಷಣವೇ ಲೆಕ್ಕ ಹಾಕುತ್ತಾಳೆ — ಏಪ್ರಿಲ್ ಆರರಿಂದ ಇಲ್ಲಿಯವರೆಗೆ ಎಷ್ಟು ದಿನ ಅಕ್ಕೋರು ಬಾಯಿ ಮುಚ್ಚಿಕೊಂಡಿದ್ದರು ಎಂದು.

“ನಿನ್ನ ಸಲುವಾಗಿ ಹೇಳಿದ್ದು ಮಗಾ” ಅಂದೆ.

ಅವಳ ಮುಖದಲ್ಲಿ ಏನೋ ಆರಿಹೋಯಿತು. ಆದರೂ ನಕ್ಕಳು. “ನಂಗೆ ಅಷ್ಟು ಮಾಡಿದವ್ರು ನೀವೊಬ್ರೇ ಅಕ್ಕೋರೆ” ಅಂದಳು. ಹೊಸ್ತಿಲಾಚೆಯಿಂದಲೇ ಬಗ್ಗಿ, ಕೈ ಚಾಚಿ ನನ್ನ ಕಾಲು ಮುಟ್ಟಿದಳು. ನಾನು ಅವಳ ತಲೆಯ ಮೇಲೆ ಕೈ ಇಟ್ಟು “ಒಳ್ಳೇದಾಗ್ಲಿ ಮಗಾ” ಅಂದೆ.